ಹುಣಸೆಮರದ ಹತ್ರ ಬಲಕ್ಕೆ

ನಾನು ಒಂದು ಕೊರಡು. ಕೊರಡು ಎಂದ ಕೂಡಲೇ ಮೂಗು ಮುರಿಯಬೇಡಿ, ನಾನು ಹುಣಸೆಯ ಕೊರಡು. ಮಡಿಲುಗೆರೆ ಊರಿನಾಚೆ ಗಾಡಿದಾರಿ ನೇರವಾಗಿ ಕಲ್ಲುಕ್ವಾರಿಗೆ ಹೋಗುತ್ತದೆ, ಬಲಕ್ಕೊಂದು ಕಾಲುದಾರಿ ಕೆರೆ ಏರಿಗೆ ಹೋಗುತ್ತದೆ. ಆ ಕವಲಿನಲ್ಲಿ ನಾನು ಮರವಾಗಿ ನಿಂತಿದ್ದೆ. ನನ್ನ ನೆರಳಿನಲ್ಲಿ ಎರಡು ಎತ್ತಿನಗಾಡಿ ಒಟ್ಟಿಗೆ ನಿಲ್ಲುತ್ತಿದ್ದವು. ದಾರಿ ಕೇಳಿದವರಿಗೆ ಊರವರದು ಒಂದೇ ಉತ್ತರ: "ಹುಣಸೆಮರದ ಹತ್ರ ಬಲಕ್ಕೆ ತಿರುಗಿ." ಬೀಗಿದ್ದೆ, ಯಾಕೆ ಸುಳ್ಳು ಹೇಳಲಿ.

ಒಂದು ಬೇಸಿಗೆಯ ಬಿರುಗಾಳಿ ನನ್ನನ್ನು ಬುಡಸಮೇತ ಕೆಡವಿತು. ಕೊಂಬೆಗಳು ಒಲೆ ಸೇರಿದವು. ಬೊಡ್ಡೆಯನ್ನು ಮಾತ್ರ ಮಟನ್ ಅಂಗಡಿಯ ತುಕ್ಕೋಜಿ ಗರಗಸ ಹಾಕಿಸಿ ಮಾಂಸ ಕಡಿಯಲೆಂದು ಮೊಣಕಾಲೆತ್ತರಕ್ಕೆ ಕೊಯ್ಯಿಸಿಕೊಂಡ. "ಬೇರೆ ಮರ ಆದ್ರೆ ಮಾಂಸಕ್ಕೆ ಚೂರು ಬಿಡ್ತದೆ. ಹುಣಸೆ ಪ್ರಾಣ ಹೋದ್ರೂ ಬಿಡಲ್ಲ" ಎಂದು ಗಿರಾಕಿಗಳೆದುರು ನನ್ನ ನೆತ್ತಿ ತಟ್ಟುತ್ತಿದ್ದ. ಸಂಜೆಯಾದರೆ ನನ್ನ ಮೈ ಹೆರೆದು, ಉಪ್ಪು ಅರಿಶಿನ ತಿಕ್ಕಿ, ಗೋಣಿ ಹೊದಿಸದೆ ಅವನು ಮನೆಗೆ ಹೋದವನಲ್ಲ.

ತುಕ್ಕೋಜಿ ಹೋದ ಮೇಲೆ ಕತ್ತಿ ಹಿಡಿದವಳು ಅವನ ಸೊಸೆ ಕಾಶೀಬಾಯಿ. ಹೆಂಗಸು ಮಟನ್ ಕಡಿಯುವುದೇ ಎಂದು ಊರು ನಕ್ಕಿತು. ಅವಳು ಜಗ್ಗಲಿಲ್ಲ, ನಾನೂ ಜಗ್ಗಲಿಲ್ಲ. ನಕ್ಕವರೇ ಆಮೇಲೆ ಭಾನುವಾರ ಬೆಳಿಗ್ಗೆ ಸಾಲಿನಲ್ಲಿ ನಿಂತರು. ಏಟು ತಿಂದೂ ತಿಂದೂ ನನ್ನ ನೆತ್ತಿ ಬಟ್ಟಲಿನ ಹಾಗೆ ತಗ್ಗಾಯಿತು, ಕತ್ತಿ ಜಾರತೊಡಗಿತು. ಕಾಶೀಬಾಯಿ ಹೊಸ ಕೊರಡು ತಂದಳು. ನನ್ನನ್ನು ಒಲೆಗೆ ಹಾಕಲು ಮನಸ್ಸು ಬಾರದೆ, ಬಿಸಿನೀರಿನಲ್ಲಿ ತೊಳೆದು ಅಂಗಡಿಯ ಮುಂದೆ ಕೂರುವವರಿಗೆಂದು ಇಟ್ಟಳು. ಕತ್ತಿಯ ಏಟು ತಡೆದವನ ಮೇಲೆ ಕಂಡಕಂಡವರೆಲ್ಲ ಕೂರುವುದೇ! ನನಗೆ ಮೈಯೆಲ್ಲ ಉರಿಯಿತು.

ಅಷ್ಟರಲ್ಲಿ ನಮ್ಮೂರಿಗೆ ಸುಮ್ಮನೆ ನಡೆಯುವವರು ಬರತೊಡಗಿದರು. ತಲೆಗೆ ಟೋಪಿ, ಬೆನ್ನಿಗೆ ನೀರಿನ ಬಾಟಲಿ. ಕೆಲಸವಿಲ್ಲ, ನೆಂಟರಿಲ್ಲ, ಹೊಲದ ಬದು, ಗುಡ್ಡದ ಜಾಡು ಹಿಡಿದು ನಡೆಯುವುದಷ್ಟೇ. ಗದ್ದಲವಿಲ್ಲದ ಊರು ಎಂದು ಹೊಗಳುತ್ತಿದ್ದರು. ನಮ್ಮವರಿಗೆ ಮೊದಲು ನಗು ಬಂತು, ಆಮೇಲೆ ಹೆಮ್ಮೆ ಬಂತು.

ಒಂದು ಮಧ್ಯಾಹ್ನ ಹಾಸನದಿಂದ ಲಿಲ್ಲಿಯಮ್ಮ ಎಂಬ ನಿವೃತ್ತ ನರ್ಸ್ ಬಂದು ನನ್ನ ಮೇಲೆ ಕೂತರು. ಕೈಯಲ್ಲಿ ಕೋಲಿತ್ತು.

"ಬರೋ ವಾರ ಎರಡೂ ಮಂಡಿ ಆಪರೇಷನ್ನು," ಎಂದರು ಕಾಶೀಬಾಯಿಗೆ. "ಆಮೇಲೆ ಹೆಂಗೋ ಏನೋ. ದೇವರು ಕೊಟ್ಟ ಮಂಡೀಲೇ ಒಂದು ಸಲ ನಿಮ್ಮ ಕೆರೆ ಏರಿವರೆಗೂ ನಡೀಬೇಕು ಅಂತ ಬಂದೆ. ದಾರಿ ಹೆಂಗಮ್ಮಾ?"

"ಅಯ್ಯೋ, ಕಣ್ಮುಚ್ಕೊಂಡು ಹೋಗ್ಬೋದು. ಹುಣಸೆಮರದ ಹತ್ರ ಬಲಕ್ಕೆ ತಿರುಗಿ, ಅಷ್ಟೇಯ."

ಪಕ್ಕದಲ್ಲಿ ಹೂವು ಮಾರುವವನೂ ಅದನ್ನೇ ಹೇಳಿದ, ಎದುರಿಗೆ ನಿಂತ ಬಸ್ಸಿನ ಕಂಡಕ್ಟರೂ ಅದನ್ನೇ ಹೇಳಿದ. ಆ ಮರ ಅವರ ಕಣ್ಣೆದುರಿಗೇ ಕೂತಿದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಮರ ಬಿದ್ದ ಮೇಲೆ ಹುಟ್ಟಿದ ಮಕ್ಕಳೂ ಹಾಗೇ ದಾರಿ ಹೇಳುವ ಊರು ನಮ್ಮದು. ಕೂಗಿ ಹೇಳೋಣವೆಂದರೆ ನನಗೆ ಬಾಯಿಲ್ಲ.

ಬಿಸಿಲು ಇಳಿಯಿತು, ಕೊನೆಯ ಬಸ್ಸು ಹಾರ್ನ್ ಹಾಕಿತು, ಲಿಲ್ಲಿಯಮ್ಮನ ಸುಳಿವಿಲ್ಲ. ಕಾಶೀಬಾಯಿ ಅಂಗಡಿ ಹಾಗೇ ಬಿಟ್ಟು ಮೊಪೆಡ್ ಹತ್ತಿದಳು. ಕತ್ತಲಾಗುವ ಮೊದಲು ಅವರನ್ನು ಹಿಂದೆ ಕೂರಿಸಿಕೊಂಡು ಬಂದು ನನ್ನ ಮೇಲೆ ಇಳಿಸಿದಳು. ಕ್ವಾರಿಯ ದಾರಿಯಲ್ಲಿ ಮಂಡಿ ಹಿಡಿದುಕೊಂಡು ಕೂತಿದ್ದರಂತೆ.

"ಎಲ್ಲಾರೂ ಹುಣಸೆಮರ ಹುಣಸೆಮರ ಅಂದ್ರಿ. ಎಲ್ಲಮ್ಮಾ ಆ ಮರ? ಹುಡುಕ್ತಾ ಹುಡುಕ್ತಾ ನಡೆದೇ ನಡೆದೆ."

ಕಾಶೀಬಾಯಿ ಕವಲಿನ ಕಡೆ ಕೈ ಎತ್ತಿದಳು, ಹಾಗೇ ಇಳಿಸಿದಳು. "ಮರ... ನಾನು ಮದುವೆಯಾಗಿ ಬರೋಕೆ ಮುಂಚೇನೇ ಬಿದ್ದೋಯ್ತಲ್ಲಾ!" ಎಂದು ಹಣೆ ಹಣೆ ಬಡಿದುಕೊಂಡಳು. "ನೀವು ಕೂತಿದೀರಲ್ಲ, ಇದೇಯ ಆ ಮರ."

ಲಿಲ್ಲಿಯಮ್ಮನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. "ಕೆರೆ ನನ್ನ ಹಣೇಲಿ ಬರೆದಿಲ್ಲ ಬಿಡಿ," ಎಂದರು ಸಣ್ಣ ದನಿಯಲ್ಲಿ.

"ಅದೆಂಗೆ ಬಿಡ್ತೀನಿ? ಊರಿಗೆ ಬಂದೋರು ದಾರಿ ತಪ್ಪಿದ್ರೆ ಮರ್ಯಾದೆ ಯಾರ್ದು ಹೋಗೋದು?"

ಆ ರಾತ್ರಿ ಅವರು ಕಾಶೀಬಾಯಿಯ ಮನೆಯಲ್ಲೇ ಉಳಿದರು. ಬೆಳಿಗ್ಗೆ ಲಗೇಜ್ ಆಟೋ ಬಂತು. ನಾಲ್ವರು ಏದುಸಿರು ಬಿಡುತ್ತ ನನ್ನನ್ನು ಎತ್ತಿದರು. ಕವಲಿನಲ್ಲಿ, ನಾನು ಹುಟ್ಟಿ ಬೆಳೆದ ಅದೇ ಜಾಗದಲ್ಲಿ, ಲಂಟಾನ ಸವರಿ ನನ್ನನ್ನು ಇಳಿಸಿದರು. ಆ ಮಣ್ಣು ಮೈಗೆ ತಾಗಿದಾಗ ನನಗಾದ ಸಂತೋಷವನ್ನು ಏನೆಂದು ಹೇಳಲಿ! ಲಿಲ್ಲಿಯಮ್ಮ ಅಲ್ಲಿವರೆಗೆ ನಡೆದು ಬಂದು, ನನ್ನ ತಗ್ಗಿನಲ್ಲಿ ಕೂತು ಮಂಡಿ ನೀವಿಕೊಂಡು, ಎದ್ದು ಬಲಕ್ಕೆ ತಿರುಗಿದರು. ಬಿಸಿಲೇರುವ ಹೊತ್ತಿಗೆ ಮರಳಿದಾಗ ಕೋಲು ಕಂಕುಳಲ್ಲಿತ್ತು, ಕೈತುಂಬ ತಾವರೆಯಿತ್ತು.

ಈಗ ನನಗೆ ಮುಪ್ಪು. ಒಂದು ಪಕ್ಕಕ್ಕೆ ಗೆದ್ದಲು ಹತ್ತಿದೆ, ಬಿರುಕಿನಲ್ಲಿ ಇರುವೆಯ ಸಂಸಾರವಿದೆ. ಹುಣಸೆಗೆ ಮುಪ್ಪಾದರೆ ಹುಳಿಗೆ ಮುಪ್ಪೇ? ಕೂತವರ ಮೇಲಿನ ಸಿಟ್ಟು ಎಂದೋ ಇಳಿಯಿತು. ಅವರು ಕೂರುವುದರಿಂದಲೇ ನಾನು ಮತ್ತೆ ಹುಣಸೆಮರ.

ಮೊನ್ನೆ ಲಿಲ್ಲಿಯಮ್ಮ ಹೊಸ ಮಂಡಿಯಲ್ಲಿ, ಕೋಲಿಲ್ಲದೆ ಬಂದರು. ನನ್ನ ಮೇಲೆ ಕೂತು ನೀರು ಕುಡಿಯುತ್ತಿದ್ದಾಗ ಹೆಲ್ಮೆಟ್ ಹಾಕಿದ ಸೈಕಲ್ ಸವಾರನೊಬ್ಬ ನಿಂತು ಕೇಳಿದ:

"ಅಮ್ಮಾ, ಹುಣಸೆಮರದ ಹತ್ರ ಬಲಕ್ಕೆ ಅಂದ್ರು. ಎಲ್ಲಿದೆ ಮರ?"

ಲಿಲ್ಲಿಯಮ್ಮ ತುಕ್ಕೋಜಿಯ ಹಾಗೇ ನನ್ನನ್ನು ತಟ್ಟಿ, ಈ ಊರಿನಲ್ಲೇ ಹುಟ್ಟಿದವರಂತೆ ಹೇಳಿದರು:

"ಕಾಣ್ಸಲ್ವೇನಪ್ಪಾ? ಕೂತಿದೀನಲ್ಲಾ, ಇದೇಯ!"