ಮನೆ ಮುಂದಿನ ದ್ರಾಕ್ಷಿ ಚಪ್ಪರ

ಚಟ್ಟ ಬಾಗಿಲು ದಾಟಿ ಅಂಗಳಕ್ಕೆ ಬರುತ್ತಲೇ ದ್ರಾಕ್ಷಿ ಚಪ್ಪರಕ್ಕೆ ಸಿಕ್ಕಿಕೊಂಡಿತು. ಜೋತುಬಿದ್ದ ಕೊಂಬೆಗಳು ಕೋದಂಡಪ್ಪನ ಮೇಲಿನ ಹೂವಿನ ಹಾರವನ್ನು ಹಿಡಿದು ಎಳೆದವು. ಮುಂದೆ ಹೆಗಲು ಕೊಟ್ಟಿದ್ದ ಸುಬ್ರಮಣಿ ಬಗ್ಗಿದ, ಹಿಂದಿದ್ದವರು ಬಗ್ಗಲಿಲ್ಲ.

"ಮುರ್ದಾಕ್ರಲಾ ಎರಡು ಕೊಂಬೆ, ಒತ್ತಾಯ್ತು," ಎಂದರು ಆಂಜಿನಪ್ಪ. ಕ್ಯಾಸಂಬಳ್ಳಿ ಕಡೆ ದೊಡ್ಡ ದ್ರಾಕ್ಷಿ ತೋಟ ಅವರದು. ಅಲ್ಲಿ ಮಾಗಿಯ ಕಟಿಂಗ್ ಅರ್ಧಕ್ಕೆ ನಿಂತಿತ್ತು. ಹೆಣಕ್ಕೆ ಹೆಗಲು ಕೊಟ್ಟವರೆಲ್ಲ ಕೋದಂಡಪ್ಪನ ಜೊತೆ ಬಳ್ಳಿ ಕತ್ತರಿಸುತ್ತಿದ್ದ ಆಳುಗಳೇ.

"ಮುರೀಬ್ಯಾಡಿ." ಸತ್ತವನ ಹೆಂಡತಿ ಮುತ್ಯಾಲಮ್ಮ ಚಟ್ಟಕ್ಕೆ ಅಡ್ಡ ಬಂದಳು. ಮಾತು ಬೀದಿಗೆ ಕೇಳಿಸಿತು. "ಕೆಳಗಿಳಿಸ್ರಿ. ಇದಕ್ಕೆ ಕತ್ತರಿ ಆಕೋವರ್ಗೂ ಈವಯ್ಯ ಓಗಂಗಿಲ್ಲ."

*

ಆ ಬಳ್ಳಿ ನೆಟ್ಟವಳು ಅವಳು. ಹಣ್ಣಿನ ಬುಟ್ಟಿ ಹೊತ್ತು ಬಂಗಾರಪೇಟೆ ಸಂತೆಗೆ ಹೋಗಿ ಕೂರಬೇಕೆಂಬ ಆಸೆ. ಪ್ರತಿ ಮಾಗಿಯಲ್ಲೂ ಗಂಡನಿಗೆ ಬುತ್ತಿ ಕಟ್ಟುತ್ತಾ ಕೇಳುತ್ತಿದ್ದಳು, "ನಮ್ದು ಯಾವಾಗ?"

"ಆಂಜಿನಪ್ಪಣ್ಣನ ತೋಟ ಮುಗೀಲಿ ಕಣೇ."

ಅದು ಮುಗಿದರೆ ಇನ್ನೊಬ್ಬರದು. ಊರಿಗೆ ಉಪಕಾರಿ, ಮನೆಗೆ ಮಾರಿ. ಊರವರ ಬಳ್ಳಿಗೆಲ್ಲ ಕ್ಷೌರ, ಮನೆಯ ಬಳ್ಳಿಗೆ ಜಟೆ. ಕತ್ತರಿ ಕಾಣದ ಬಳ್ಳಿ ಕಾಯಿಯನ್ನೇ ಬಿಡಲಿಲ್ಲ. ಒಮ್ಮೆ ರೋಸಿಹೋಗಿ ತಾನೇ ಕತ್ತರಿ ಹಿಡಿದಾಗ ಅವನು ಕೈಯಿಂದ ಕಿತ್ತುಕೊಂಡಿದ್ದ.

"ಎಂಗಸ್ರು ಕತ್ತರಿ ಆಕಿದ್ರೆ ಬಳ್ಳಿ ಬಂಜೆ ಆಗ್ತೈತೆ."

ತಾನೂ ಮಾಡಲಿಲ್ಲ, ಅವಳಿಗೂ ಬಿಡಲಿಲ್ಲ.

*

ಎತ್ತಿದ ಹೆಣ ಅಂಗಳದಲ್ಲಿ ಇಳಿಸಬಾರದೆಂದು ಹಿರಿಯರು ಗೊಣಗಿದರು. ಆದರೂ ಚಟ್ಟ ಇಳಿಯಿತು. ಕತ್ತರಿ ಹಿಡಿಯಲು ಮಾತ್ರ ಯಾರೂ ಮುಂದೆ ಬರಲಿಲ್ಲ.

"ಎಣ ಮುಟ್ಟಿದ ಕೈ ಕಣಕ್ಕ," ಎಂದ ಸುಬ್ರಮಣಿ. "ತಾನ ಆಗೋವರ್ಗೂ ಅಸಿರು ಮುಟ್ಟಂಗಿಲ್ಲ. ನಾಳೆ ಬತ್ತೀವಿ."

"ನಾಳೆ ನೀವು ಆಂಜಿನಪ್ಪಣ್ಣನ ತೋಟಕ್ಕೆ ಓಗ್ತೀರ."

ಆಳುಗಳು ಆಂಜಿನಪ್ಪನವರ ಮುಖ ನೋಡಿದರು. ಮುತ್ಯಾಲಮ್ಮ ಒಳಗಿನಿಂದ ಗಂಡನ ಕತ್ತರಿ ತಂದು ಸ್ಟೂಲು ಹತ್ತಿದಳು.

"ಬ್ಯಾಡ ಮುತ್ಯಾಲಕ್ಕ, ಬಳ್ಳಿ ಕಾಯಿ ಬಿಡಲ್ಲ," ಎಂದರು ಆಂಜಿನಪ್ಪ.

"ಇಷ್ಟು ವರ್ಷ ಏನು ಬಿಡ್ತು ಅಂತ?"

ಕತ್ತರಿ ಕಚಕ್ಕೆಂದಿತು. ಕೊಂಬೆಗಳು ಚಟ್ಟದ ಸುತ್ತ ಬೀಳತೊಡಗಿದವು. ಅವಳು ಬೈಯುತ್ತಲೇ ಕತ್ತರಿಸಿದಳು. "ಊರೋರಿಗೆಲ್ಲ ಆದೆ. ನನಗೆ ಒಂದು ದಿನ ಆಗ್ಲಿಲ್ವಾ? ಒಂದೇ ಒಂದು ದಿನ?" ಅವಳಿಗೆ ಸಿಟ್ಟು ಇನ್ನೂ ಇಳಿದಿರಲಿಲ್ಲ, ಅಳುವೂ ನಿಂತಿರಲಿಲ್ಲ. ಆಂಜಿನಪ್ಪ ಎರಡು ಸಲ ಗಡಿಯಾರ ನೋಡಿಕೊಂಡರು.

ಕೊನೆಯ ಕೊಂಬೆ ಬಿದ್ದಾಗ ಚಪ್ಪರ ಬೋಳಾಗಿತ್ತು. ಮಧ್ಯಾಹ್ನದ ಬಿಸಿಲು ನೇರವಾಗಿ ಕೋದಂಡಪ್ಪನ ಮುಖಕ್ಕೆ ಬಡಿಯಿತು.

ಮುತ್ಯಾಲಮ್ಮ ದಡಬಡ ಇಳಿದು ಅವನ ತಲೆಯ ಹತ್ತಿರ ಕುಕ್ಕರಿಸಿದಳು. ಸೆರಗನ್ನು ಎರಡೂ ಕೈಯಲ್ಲಿ ಅಗಲಿಸಿ ಮುಖಕ್ಕೆ ನೆರಳು ಹಿಡಿದಳು. ಹೊರುವವರು ಬಂದು ನಿಂತರೂ ಕೈ ಇಳಿಸಲಿಲ್ಲ.