ಒಂಬತ್ತು ದಿನ ನಿಂತ ಲಿಫ್ಟು

"ಸ್ವಲ್ಪ ಎಡಕ್ಕೆ ವಾಲಿಸಿ," ಎಂದು ಅಪ್ಪ ಹೇಳುವಷ್ಟರಲ್ಲಿ ತಾತನ ಶವಪೆಟ್ಟಿಗೆ ಎರಡನೇ ಮಹಡಿಯ ತಿರುವಿನಲ್ಲಿ ಗೋಡೆಗೆ ತಾಗಿ ನಿಂತುಬಿಟ್ಟಿತು. ಮನೆಯಿದ್ದ ಕಟ್ಟಡದ ಲಿಫ್ಟಿನಲ್ಲಿ ಅದು ಹಿಡಿಸಿರಲಿಲ್ಲ. ಮೂವತ್ತು ವರ್ಷ ದೊಡ್ಡ ಕಚೇರಿಯೊಂದರಲ್ಲಿ ಲಿಫ್ಟು ನಡೆಸಿದ ಮನುಷ್ಯ ಕೊನೆಗೂ ಮೆಟ್ಟಿಲಿಳಿದೇ ಹೋಗಬೇಕಾಯಿತಲ್ಲ ಎಂದು ಹಿಂದೆ ಬರುತ್ತಿದ್ದ ಮೊಮ್ಮಗಳು ಅಂದುಕೊಂಡಳು.

ಅವಳ ಕಾಲೇಜಿನ ಅರ್ಜಿಗೆ ನಾಳೆಯೇ ಕಡೆಯ ದಿನ. ನಾಗರಿಕ ಹಕ್ಕುಗಳ ಚರಿತ್ರೆ ಓದುತ್ತೇನೆಂದು ಅವಳ ಹಟ. ಔಷಧಶಾಸ್ತ್ರ ಓದಲಿ ಎಂದು ಅಪ್ಪ ಸಹಿ ಹಾಕದೆ ಬಿಗಿದುಕೊಂಡು ಕೂತಿದ್ದ. ಚರಿತ್ರೆಯೆಲ್ಲ ದೊಡ್ಡವರದ್ದು, ಲಿಫ್ಟಿನವನ ಮೊಮ್ಮಗಳಿಗೆ ಅಲ್ಲೇನು ಕೆಲಸ ಎಂದು ಅವನ ವಾದ. ತಾತ ಮಾತ್ರ ನಗುತ್ತಿದ್ದ.

ಅವಳನ್ನು ಈ ಹಟಕ್ಕೆ ಹಚ್ಚಿದ್ದು ಆ ಕಚೇರಿ ಅಚ್ಚು ಹಾಕಿಸಿದ್ದ ತನ್ನ ಚರಿತ್ರೆಯ ಪುಸ್ತಕದ ಎರಡು ಸಾಲು: ಯಂತ್ರದೋಷದಿಂದ ಲಿಫ್ಟು ಒಂಬತ್ತು ದಿನ ನಿಂತಿತ್ತು. ಅದೇ ತಿಂಗಳು ಆಡಳಿತವು ಉದಾರಮನಸ್ಸಿನಿಂದ ಹಳೆಯ ಬೋರ್ಡನ್ನು ತೆಗೆಸಿತು. ಯಾವ ಬೋರ್ಡು ಎಂದು ಕೇಳಿದರೆ ತಾತ ಮಾತು ಮರೆಸುತ್ತಿದ್ದ.

ಪೆಟ್ಟಿಗೆ ಹೇಗೋ ಕೆಳಗಿಳಿದಾಗ, ಅಲ್ಲಿ ಕುರ್ಚಿಯಲ್ಲಿ ಕಾದಿದ್ದ ಮುದುಕ, ತಾತನ ಕಾಲದಲ್ಲಿ ಆ ಕಚೇರಿಯ ಲಿಫ್ಟು ನೋಡಿಕೊಳ್ಳುತ್ತಿದ್ದ ಮೆಕ್ಯಾನಿಕ್, ಅದರ ಮೇಲೆ ಕೈಯಿಟ್ಟು ಕಣ್ಣೊರೆಸಿಕೊಂಡ. ಅವಳು ಆ ಒಂಬತ್ತು ದಿನದ ಬಗ್ಗೆ ಕೇಳಿದಳು.

"ಲಿಫ್ಟು ಕೆಟ್ಟೇ ಇರಲಿಲ್ಲ ಕಣಮ್ಮ," ಎಂದ ಮುದುಕ.

*

ಆಗ ಕಚೇರಿಯ ಲಿಫ್ಟಿನ ಪಕ್ಕದ ಬೋರ್ಡಿನಲ್ಲಿ, ಹೊಳೆಯಾಚೆಯ ಕೇರಿಯ ಜನ ಮೆಟ್ಟಿಲನ್ನೇ ಬಳಸತಕ್ಕದ್ದು ಎಂದು ಬರೆದಿತ್ತು. ತಾತನೂ ಹೊಳೆಯಾಚೆಯವನೇ. ದಿನವಿಡೀ ಬೇರೆಯವರನ್ನು ಎಂಟನೇ ಮಹಡಿಗೆ ಮುಟ್ಟಿಸಿ, ಕೆಲಸ ಮುಗಿದ ಮೇಲೆ ಸಮವಸ್ತ್ರ ಕಳಚಿಡಲು ಅದೇ ಎಂಟು ಮಹಡಿಯನ್ನು ನಡೆದೇ ಹತ್ತುತ್ತಿದ್ದ. ಒಂದು ಬೆಳಿಗ್ಗೆ ಕಸ ಗುಡಿಸುವ ತುಂಬು ಬಸುರಿ ಬಕೆಟ್ಟು ಹಿಡಿದು ಲಿಫ್ಟಿನೊಳಗೆ ಕಾಲಿಟ್ಟಳು. ಮ್ಯಾನೇಜರು ಅವಳನ್ನು ಇಳಿಸಿ, ತಾತನ ಕೈಯಿಂದಲೇ ಬಾಗಿಲು ಎಳೆಸಿದ. ಅವಳು ಐದನೇ ಮಹಡಿಯ ಮೆಟ್ಟಿಲಲ್ಲಿ ಕುಸಿದಳು.

ಮಧ್ಯಾಹ್ನ ಲಿಫ್ಟು ನಿಂತಿತು. ಮೆಕ್ಯಾನಿಕ್ ಬಂದು ನೋಡಿದರೆ ಫ್ಯೂಸೇ ಇಲ್ಲ. ಮೂಲೆಯಲ್ಲಿ ತಾತ ಊಟದ ಡಬ್ಬಿಯ ಮುಚ್ಚಳ ಒತ್ತಿ ಹಿಡಿದು, ಏನೂ ಅರಿಯದವನಂತೆ ಕೂತಿದ್ದ. ಮೆಕ್ಯಾನಿಕ್‌ಗೆ ಎಲ್ಲ ತಿಳಿಯಿತು. ದೋಷ ಸಿಗುತ್ತಿಲ್ಲ ಎಂದು ಬರೆದುಕೊಟ್ಟ. ಒಂಬತ್ತು ದಿನ ಸಾಹೇಬರುಗಳು ಏದುಸಿರು ಬಿಡುತ್ತ ಹತ್ತಿ ಇಳಿದರು. ಕೊನೆಗೆ ದೊಡ್ಡ ಸಾಹೇಬರೇ ಕರೆಸಿ ಕೇಳಿದಾಗ ಮೆಕ್ಯಾನಿಕ್ ಒಂದೇ ಮಾತು ಹೇಳಿದ.

"ಈ ಲಿಫ್ಟಿಗೆ ಆ ಬೋರ್ಡು ಆಗಿಬರಲ್ಲ, ಸಾರ್."

ಎಲ್ಲರಿಗೂ ಅರ್ಥವಾಯಿತು, ಯಾರ ಮೇಲೂ ಬೆರಳು ತೋರಿಸಲಾಗಲಿಲ್ಲ. ಹತ್ತನೇ ದಿನ ಗೋಡೆಯ ಮೇಲೆ ಬೋರ್ಡಿರಲಿಲ್ಲ. ಮೆಕ್ಯಾನಿಕ್ ಹೊಸ ಫ್ಯೂಸು ಹಾಕಿದ.

*

"ಗೊತ್ತಾದ್ರೆ ನನ್ನ ಕೆಲಸ ಹೋಗುತ್ತೆ ಅಂತ ಅವನು ಬಾಯೇ ಬಿಡಲಿಲ್ಲ. ನಿವೃತ್ತಿ ಆದಮೇಲಾದ್ರೂ ನಾನು ಹೇಳಬೇಕಿತ್ತು. ಹೇಳಲಿಲ್ಲ," ಎಂದ ಮುದುಕ. ಅಪ್ಪ ಪೆಟ್ಟಿಗೆಯ ಹಿಡಿಯನ್ನು ಬಿಡದೆ, ತಲೆ ತಗ್ಗಿಸಿ ಕೇಳುತ್ತಿದ್ದ.

ಮಣ್ಣು ಮಾಡಿ ಬಂದ ಮೇಲೆ ಅವಳು ಅರ್ಜಿಯನ್ನು ಮೇಜಿನ ಮೇಲೆ ಹರಡಿದಳು. ಈ ವಿಷಯವನ್ನು ಏಕೆ ಆರಿಸಿಕೊಂಡಿರಿ ಎಂಬ ಪ್ರಶ್ನೆಯ ಕೆಳಗೆ ಖಾಲಿ ಜಾಗವಿತ್ತು. ಕಿಟಕಿಯ ಗಾಳಿಗೆ ಹಾಳೆ ಏಳುತ್ತಿತ್ತು. ಅಪ್ಪ ಬಂದು ತನ್ನ ಜಾಗದಲ್ಲಿ ಸಹಿ ಹಾಕಿದ. ಆಮೇಲೆ ತಾತನ ಕಪಾಟಿಗೆ ಹೋಗಿ, ಚಿಕ್ಕಂದಿನಲ್ಲಿ ತಾನೂ ಆಡಿದ್ದ, ಅವಳೂ ಆಡಿದ್ದ, ಅಂಚು ಮುಕ್ಕಾದ ಪಿಂಗಾಣಿ ಫ್ಯೂಸನ್ನು ತಂದು ಹಾಳೆ ಹಾರದಂತೆ ಅದರ ಮೇಲಿಟ್ಟ.