ಮೌನಿಯ ಮೂರು ನಿಮಿಷ

"ಇನ್ನೂ ಅರ್ಧ ಅಡಿ ಇಳಿ," ಎಂದು ಹಿರಿಯ ಕೆಲಸಗಾರ ಅಳತೆಕೋಲನ್ನು ಗುಂಡಿಯೊಳಗೆ ಇಳಿಬಿಟ್ಟ.

"ಐದೂವರೆ ಸಾಕಲ್ವಾ ಅಣ್ಣ? ಕೆಳಗೆ ಬರೀ ಕಲ್ಲು," ಎಂದ ಒಳಗಿದ್ದವನು.

"ಬೇರೆಯವರಾಗಿದ್ರೆ ಸಾಕು ಅಂತಿದ್ದೆ. ಇವರು ಎದ್ದು ಬಂದು ಅಳೆದು ನೋಡೋ ಆಸಾಮಿ ಕಣೋ."

ಗುಂಡಿಯೊಳಗಿಂದ ನಗು ಕೇಳಿಸಿತು. ನಗರಸಭೆಯ ಸ್ಮಶಾನದಲ್ಲಿ ಇಪ್ಪತ್ತೊಂಬತ್ತು ವರ್ಷ ಗುಂಡಿ ತೋಡಿದವನಿಗೆ ಅಂದು ಗುಂಡಿ ಸಿದ್ಧವಾಗುತ್ತಿತ್ತು. ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು ಎಂಬ ಕಾರಣಕ್ಕೆ ಎಲ್ಲರೂ ಅವನನ್ನು ಮೌನಿ ಎಂದೇ ಕರೆಯುತ್ತಿದ್ದರು. ಉತ್ತರದ ಮೂಲೆಯಲ್ಲೇ, ದಿಕ್ಕಿಲ್ಲದವರ ಸಾಲಿನಲ್ಲೇ ತನಗೂ ಜಾಗ ಬೇಕೆಂದು ಸಾಯುವ ಮುಂಚೆ ಅವನು ಕೇಳಿಕೊಂಡಿದ್ದ.

ಉಪಕರಣಗಳ ಕೋಣೆಯ ಮುಂದಿನ ಬೆಂಚಿನ ಮೇಲೆ ಅವನ ಹೆಂಡತಿ ಕೂತಿದ್ದಳು. ಊರುಗೋಲು ಊರುತ್ತಾ ಒಬ್ಬ ಮುದುಕ ಬಂದು ಅವಳೆದುರು ನಿಂತ. ಸ್ಮಶಾನದ ಹಳೆಯ ಮೇಲ್ವಿಚಾರಕ. ಅವಳಿಗೆ ತಕ್ಷಣ ಗುರುತು ಸಿಕ್ಕಿತು.

"ಬರಬೇಕೋ ಬೇಡವೋ ಅಂತ ಬೆಳಗ್ಗೆಯಿಂದ ಯೋಚಿಸ್ತಿದ್ದೆ," ಎಂದ ಅವನು. "ವಜಾ ಆದೇಶ ಬರೆದವನು ನಾನೇ. ಉಂಡ ಮನೆಯ ಜಂತಿ ಎಣಿಸಿದ ಅಂತ ಎಲ್ಲರ ಮುಂದೆ ಅಂದವನೂ ನಾನೇ."

"ಎಣಿಸಿದ್ರಿಂದ ತಾನೇ ಜಂತಿಗೆ ಹುಳ ಹಿಡಿದಿರೋದು ಗೊತ್ತಾಗಿದ್ದು?" ಎಂದಳು ಅವಳು. ಆಮೇಲೆ ಸ್ವಲ್ಪ ಸರಿದು, "ಕೂತ್ಕೊಳ್ಳಿ. ನಿಮಗೂ ವಯಸ್ಸಾಯ್ತು," ಎಂದು ಜಾಗ ಕೊಟ್ಟಳು.

* * *

ಇಪ್ಪತ್ತಾರು ವರ್ಷಗಳ ಹಿಂದೆ ಒಬ್ಬ ದರ್ಜಿ ಹೆಂಗಸು ತಮ್ಮನನ್ನು ಹುಡುಕಿಕೊಂಡು ಸ್ಮಶಾನಕ್ಕೆ ಬಂದಿದ್ದಳು. ಅವನು ಆಸ್ಪತ್ರೆಯಲ್ಲಿ ಸತ್ತು, ವಾರಸುದಾರರಿಲ್ಲವೆಂದು ನಗರಸಭೆಯವರೇ ಹೂತಿದ್ದರು. ಕಚೇರಿಯವರು ಉತ್ತರದ ಮೂಲೆಯತ್ತ ಕೈ ತೋರಿಸಿ ಒಳಗೆ ಹೋದರು. ಅಲ್ಲಿ ಕಲ್ಲಿಲ್ಲ, ನಂಬರಿಲ್ಲ, ಬರೀ ಹುಲ್ಲು.

"ಎಲ್ಲಿ ನಿಂತು ಅಳಲಿ ಅಣ್ಣ?" ಎಂದು ಅವಳು ಮೌನಿಯನ್ನು ಕೇಳಿದಳು.

ಅವನಿಗೆ ಜಾಗ ಗೊತ್ತಿತ್ತು. ಆದರೆ ಯಾರಿಗೂ ತೋರಿಸಕೂಡದೆಂದು ಆದೇಶವಿತ್ತು. ತೋರಿಸಿದರೆ ಒಂದೇ ಗುಂಡಿಯಲ್ಲಿ ಮೂವರಿರುವುದು ಬಯಲಾಗುತ್ತಿತ್ತು. ಅವನು ತಲೆ ತಗ್ಗಿಸಿದ. ಆ ಸಂಜೆ ಊಟದ ತಟ್ಟೆ ಮುಂದಿಟ್ಟುಕೊಂಡು ಹೆಂಡತಿಗೆ ಹೇಳಿದ: "ನನಗೆ ಗೊತ್ತಿತ್ತು ಕಣೆ. ಹೇಳಲಿಲ್ಲ."

ಮುಂದಿನ ವಾರ ಅವನು ರಜೆ ಹಾಕಿ, ಇದ್ದೊಂದು ಇಸ್ತ್ರಿ ಅಂಗಿ ತೊಟ್ಟು, ನಗರಸಭೆಯ ಸಾರ್ವಜನಿಕ ಸಭೆಗೆ ಹೋದ. ಅಲ್ಲಿ ಒಬ್ಬೊಬ್ಬರಿಗೆ ಮೂರು ನಿಮಿಷ ಮಾತಾಡಲು ಬಿಡುತ್ತಿದ್ದರು. ಮೊದಲ ನಿಮಿಷವೆಲ್ಲ ಮೈಕನ್ನು ಏರಿಸಿ ಇಳಿಸುವುದರಲ್ಲೇ ಕಳೆಯಿತು. ಯಾರೋ ಮುಸಿಮುಸಿ ನಕ್ಕರು.

"ಉತ್ತರದ ಮೂಲೇಲಿ ನೂರಾ ಹದಿನಾಲ್ಕು ಜನ ಇದಾರೆ," ಎಂದ ಕೊನೆಗೆ. "ಒಂದು ಗುಂಡಿಗೆ ಮೂವರು. ಹೂತಿದ್ದು ನಾನೇ. ಅವರಿಗೂ ಹೆಸರಿತ್ತು."

ಮಾರನೆಯ ದಿನ ಅದು ಪತ್ರಿಕೆಯಲ್ಲಿ ಬಂತು. ಹತ್ತೇ ದಿನಕ್ಕೆ ಕೆಲಸ ಹೋಯಿತು. ಇಲಾಖೆಯ ವಿಷಯವನ್ನು ಬೀದಿಗೆ ತಂದದ್ದು ಅಪರಾಧವಂತೆ. ಕ್ಷಮಾಪಣೆ ಬರೆದುಕೊಟ್ಟರೆ ವಾಪಸ್ ತೆಗೆದುಕೊಳ್ಳುತ್ತೇವೆಂದು ಹೇಳಿಕಳಿಸಿದರು.

"ಏನ್ಮಾಡ್ತೀರಿ?" ಎಂದು ಹೆಂಡತಿ ಕೇಳಿದಳು.

"ಸುಳ್ಳು ಹೇಳಿದ್ದಿದ್ರೆ ಬರೀತಿದ್ದೆ."

"ಹಾಗಾದ್ರೆ ಬರೀಬೇಡಿ," ಎಂದು ಅವಳು ಪೆನ್ನನ್ನು ಎತ್ತಿಟ್ಟಳು.

* * *

ಐದು ವರ್ಷ ಕೇಸು ನಡೆಯಿತು. ಅಷ್ಟೂ ಕಾಲ ಅವನು ಕಂಡವರ ಮನೆಗೆ ಪಾಯ ತೋಡಿದ, ಕೊಳವೆ ಹಾಕಲು ಕಾಲುವೆ ತೋಡಿದ. ತೋಡುವುದೊಂದೇ ಅವನಿಗೆ ಗೊತ್ತಿದ್ದ ವಿದ್ಯೆ. ನ್ಯಾಯಾಲಯದಲ್ಲಿ ನಗರಸಭೆಯ ವಕೀಲ ಎದ್ದು, "ಗುಂಡಿ ತೋಡುವವನಿಗೆ ಆಡಳಿತದ ವಿಷಯ ಏನು ಗೊತ್ತು?" ಎಂದು ಕೇಳಿದ.

"ಆಡಳಿತ ಗೊತ್ತಿಲ್ಲ ಸ್ವಾಮಿ," ಎಂದ ಮೌನಿ. "ಗುಂಡಿ ಗೊತ್ತು. ನೀವು ಮೇಲಿಂದ ಬಗ್ಗಿ ನೋಡಿದವರು, ನಾನು ಒಳಗೆ ಇಳಿದವನು."

ನ್ಯಾಯಾಧೀಶರು ಬರೆಯುತ್ತಿದ್ದ ಕೈ ನಿಲ್ಲಿಸಿ ತಲೆಯೆತ್ತಿದರು. ನಗರಸಭೆಯ ಸಂಬಳ ಪಡೆದ ಮಾತ್ರಕ್ಕೆ ಯಾರ ಪ್ರಜೆಯ ಹಕ್ಕೂ ಹೋಗುವುದಿಲ್ಲ, ಊರಿಗೆಲ್ಲ ಸಂಬಂಧಿಸಿದ ವಿಷಯವನ್ನು ಊರಿನ ಮುಂದೆ ಆಡಿದ್ದು ತಪ್ಪಲ್ಲ ಎಂದು ತೀರ್ಪು ಬಂತು. ಅವನನ್ನು ಅದೇ ಕೆಲಸಕ್ಕೆ ತೆಗೆದುಕೊಳ್ಳಬೇಕು, ಉತ್ತರದ ಮೂಲೆಯಲ್ಲಿ ಗುರುತು ಹಾಕಬೇಕು ಎಂದೂ ಇತ್ತು.

ಕೆಲಸಕ್ಕೆ ಮರಳಿದ ದಿನ ಅವನು ಗೋಡೆಗೆ ಬೆನ್ನು ಹಚ್ಚಿ, ಹೆಜ್ಜೆ ಹಾಕಿ ಹಾಕಿ ಜಾಗ ತೋರಿಸಿದ. ನೂರಾ ಹದಿನಾಲ್ಕು ಗೂಟ ನೆಟ್ಟರು. ಒಂದೂ ತಪ್ಪಲಿಲ್ಲ. ಆಮೇಲೆ ದರ್ಜಿ ಹೆಂಗಸಿಗೆ ಹೇಳಿಕಳಿಸಿದ. ಅವಳು ಬಂದಾಗ ಗೋಡೆಯಿಂದ ಹನ್ನೊಂದು ಹೆಜ್ಜೆ ಅವಳ ಜೊತೆ ನಡೆದು ನಿಂತ.

"ಇಲ್ಲಿ, ಅಮ್ಮ," ಎಂದ. "ಐದು ವರ್ಷ ತಡವಾಯ್ತು."

* * *

ಪೆಟ್ಟಿಗೆಯನ್ನು ಇಳಿಸಿದರು. ಆರಡಿ, ಕೂದಲೆಳೆಯಷ್ಟೂ ಹೆಚ್ಚು ಕಡಿಮೆಯಿಲ್ಲ. ನಗರಸಭೆಯ ಈಗಿನ ಆಯುಕ್ತರು ಹೂಮಾಲೆ ತಂದಿದ್ದರು. ದರ್ಜಿ ಹೆಂಗಸು ಮೌನಿಯ ಹೆಂಡತಿಯ ತೋಳು ಹಿಡಿದು ನಿಂತಿದ್ದಳು.

"ಯಾರಾದ್ರೂ ಎರಡು ಮಾತು ಆಡ್ತೀರಾ?" ಎಂದು ಹಿರಿಯ ಕೆಲಸಗಾರ ಕೇಳಿದ.

ಹಿಂದಿನಿಂದ ಬೀದಿ ಗುಡಿಸುವವಳೊಬ್ಬಳು ಸಮವಸ್ತ್ರದಲ್ಲೇ ಮುಂದೆ ಬಂದಳು.

"ನನಗೆ ಇವರ ಪರಿಚಯ ಇಲ್ಲ," ಎಂದಳು. "ಹೋದ ವರ್ಷ ನಮ್ಮ ಕಸದ ಲಾರಿಗೆ ಬ್ರೇಕ್ ಹಿಡಿಯಲ್ಲ ಅಂತ ಸಭೇಲಿ ಹೇಳಿದೆ. ಮಾರನೇ ದಿನ ಕೆಲಸಕ್ಕೆ ಹೋದೆ. ಕೆಲಸ ಇನ್ನೂ ಇತ್ತು. ಅಷ್ಟೇ ನಾನು ಹೇಳಬೇಕಾಗಿದ್ದು."

ಅವಳು ಪಕ್ಕಕ್ಕೆ ಸರಿಯುವಷ್ಟರಲ್ಲಿ ಒಬ್ಬ ಬಸ್ ಚಾಲಕ ಮುಂದೆ ಬಂದ. "ಆಸ್ಪತ್ರೆ ಮಾರ್ಗ ನಿಲ್ಲಿಸಬೇಡಿ ಅಂತ ಪತ್ರಿಕೆಗೆ ಬರೆದವನು ನಾನು. ಮಾರನೇ ದಿನ ನನ್ನ ಕೆಲಸಾನೂ ಇತ್ತು."

ಅವನ ಹಿಂದೆ ಶಾಲೆಯ ಅಡುಗೆಯವಳು, ಅವಳ ಹಿಂದೆ ನೀರಿನ ಕೊಳವೆ ರಿಪೇರಿಯವನು. ಆಯುಕ್ತರು ಮಾಲೆಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಿಸಿಕೊಂಡರು. ಗುಂಡಿಯ ಅಂಚಿನಲ್ಲಿ ಸಲಿಕೆ ಹಿಡಿದು ಕಾಯುತ್ತಿದ್ದವನು ಹಿರಿಯನ ಕಡೆ ನೋಡಿದ. ಹಿರಿಯ ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತು, ನೀನೂ ಕೂರು ಎಂದು ಸನ್ನೆ ಮಾಡಿದ. ಖಾಕಿ, ನೀಲಿ, ಬಿಳಿ, ಹಸಿರು ಸಮವಸ್ತ್ರಗಳ ಸಾಲು ಕಲ್ಲುಗಳ ನಡುವೆ ಬಳಸಿಕೊಂಡು ಗೇಟಿನವರೆಗೂ ಬೆಳೆದಿತ್ತು. ಗೇಟಿನಾಚೆ ಯಾರೋ ಸೈಕಲ್ಲನ್ನು ಗೋಡೆಗೆ ಒರಗಿಸಿ, ಟೋಪಿ ತೆಗೆದು ಕೈಯಲ್ಲಿ ಹಿಡಿದು, ಸಾಲಿನ ಕೊನೆಗೆ ಬಂದು ನಿಂತರು.